ಆರೋಗ್ಯವಂತರ ಬೆರಳು

ಫೆಬ್ರುವರಿ ೩

ನನ್ನ ಗೊದಮೊಟ್ಟೆಗೆ,

ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ತಿನ್ನುತ್ತೀಯಾ ಎಂಬುದನ್ನೆಲ್ಲ ಕೊನೆಗೆ ಕೇಳುತ್ತೇನೆ. ಮೊದಲು ಸುದ್ದಿ. ಹಟಮಾರಿ ಬೆಳಗಿದಳು!

ಫೋನಿನಲ್ಲಿ ಹೇಳಿದ್ದರೆ ಇಷ್ಟು ಹೊತ್ತಿಗೆ ನೀನು "ಅಮ್ಮಾ, ನಂಗೆ ಕ್ಲಾಸಿದೆ" ಎಂದು ಇಟ್ಟುಬಿಡುತ್ತಿದ್ದೆ. ಫೋನಿನಲ್ಲಿ ಮಾತಾಡಿದರೆ ನಮ್ಮದು ಜಗಳದಲ್ಲೇ ಮುಗಿಯುತ್ತದೆ, ಕಾಗದವೇ ವಾಸಿ ಎಂದು ನೀನು ಹೇಳಿದ್ದು ಒಳ್ಳೆಯದೇ ಆಯಿತು. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ. ಕೂತು ಓದು.

ನರವೆಂದರೆ ಒಂದು ತಂತಿ, ಅದರ ಸುತ್ತ ಸುರುಳಿ ಸುತ್ತಿದ ಕೊಬ್ಬಿನ ಹೊದಿಕೆ ಮಯಲಿನ್. ಇಷ್ಟು ನಿನಗೆ ಬಾಯಿಪಾಠ. ಆ ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿಡುವ ಪ್ರೋಟೀನ್ ಒಂದಿದೆ. ನಿನ್ನ ಕಾಲಿನಲ್ಲಿ ಕೈಕೊಟ್ಟಿರುವುದು ಅದೇ. ಆ ಪ್ರೋಟೀನನ್ನು ಮಾತ್ರ ಹುಡುಕಿಕೊಂಡು ಹೋಗಿ ಹಿಡಿಯುವ ಆಂಟಿಬಾಡಿಯನ್ನು ತಯಾರಿಸಬೇಕೆಂದು ನಮ್ಮ ಲ್ಯಾಬು ಎಷ್ಟು ಕಾಲದಿಂದ ಒದ್ದಾಡುತ್ತಿದೆ ಎಂದು ನಿನಗೆ ಗೊತ್ತು. ಅದಕ್ಕೆ ಹಸಿರು ಬಣ್ಣ ಕಟ್ಟಿ ಕಳಿಸಿದರೆ ಪ್ರೋಟೀನ್ ಇರುವ ಜಾಗ ಸೂಕ್ಷ್ಮದರ್ಶಕದಲ್ಲಿ ಹೊಳೆಯಬೇಕು. ಇಲ್ಲದ ಜಾಗ ಕಪ್ಪಾಗಿಯೇ ಇರಬೇಕು.

ಇಲಿಯಿಂದ ತೆಗೆದ ಜೀವಕೋಶಗಳನ್ನು ತಟ್ಟೆಯ ಪುಟ್ಟ ಗುಳಿಗಳಲ್ಲಿ ಬಿಟ್ಟು ಮಕ್ಕಳಂತೆ ಸಾಕಿದ್ದೆವಲ್ಲ, ಒಂದೊಂದು ಗುಳಿ ಒಂದೊಂದು ಬಗೆಯ ಆಂಟಿಬಾಡಿ ಮಾಡುತ್ತದೆ. ಚುರುಕಾಗಿ ಬೆಳೆದವೆಲ್ಲ ದಂಡವಾದವು. ಮೂಲೆಯ ಗುಳಿಯಲ್ಲಿ ಒಂದು ಗುಂಪು, ಬೆಳೆಯಲೂ ಒಲ್ಲೆ ಸಾಯಲೂ ಒಲ್ಲೆ ಎಂದು ಮುಖ ಊದಿಸಿಕೊಂಡು ಕೂತಿತ್ತು. ತೊಳೆದು ಬಿಸಾಡುವವಳಿದ್ದೆ. ಯಾಕೋ ಮನಸ್ಸು ಬರಲಿಲ್ಲ. ಅವಳೇ ಹಟಮಾರಿ.

ನಿನ್ನೆ ಹೆಗ್ಗಣದ ನರವನ್ನು ತೆಳ್ಳಗೆ ಹೆಚ್ಚಿ, ಹಟಮಾರಿಯ ಆಂಟಿಬಾಡಿ ಹಾಕಿ, ಕತ್ತಲ ಕೋಣೆಯಲ್ಲಿ ಕಣ್ಣಿಟ್ಟೆ. ಕಪ್ಪಿನ ಮೇಲೆ ಹಸಿರು ಉಂಗುರಗಳು! ಒಂದರ ಪಕ್ಕ ಒಂದು, ಅಂಚು ಸ್ವಲ್ಪವೂ ಕಲಸಿಹೋಗದೆ. ನಾನು ಕಿರುಚಿದ ಸದ್ದಿಗೆ ನಮ್ಮ ಮುಖ್ಯಸ್ಥರು, ದೊಡ್ಡವರು, ಯಾವುದೋ ದುಬಾರಿ ಗಾಜು ಒಡೆಯಿತೆಂದು ಓಡಿ ಬಂದರು. ಆಮೇಲೆ ಅವರೂ ಕಣ್ಣಿಟ್ಟು ಎಷ್ಟು ಹೊತ್ತಾದರೂ ಜಾಗ ಬಿಡಲಿಲ್ಲ. ಹಿಂದಿನಿಂದ ನಾನೇ ತಳ್ಳಬೇಕಾಯಿತು.

ಈಗ ಅಸಲು ವಿಷಯ. ಹೊಸ ಔಷಧಿಯೊಂದರ ಪರೀಕ್ಷೆ ಶುರುವಾಗಲಿದೆ. ಕೆಲವರಲ್ಲಿ ಈ ಪ್ರೋಟೀನ್ ತಯಾರಾಗುತ್ತದೆ, ಆದರೆ ಜೀವಕೋಶದ ಒಳಗೇ ಸಿಕ್ಕಿಹಾಕಿಕೊಂಡು ಸುರುಳಿಯವರೆಗೆ ಹೋಗುವುದಿಲ್ಲ. ಹಾಗೆ ಸಿಕ್ಕಿಕೊಂಡದ್ದನ್ನು ದಾಟಿಸುವ ಔಷಧಿ ಇದು. ತಯಾರಾಗುತ್ತಲೇ ಇಲ್ಲ ಎಂದಾದರೆ ಇದರಿಂದ ಪ್ರಯೋಜನವಿಲ್ಲ. ನಿನ್ನದು ಎರಡರಲ್ಲಿ ಯಾವುದು? ಇಷ್ಟು ದಿನ ನೋಡಿ ಹೇಳುವ ದಾರಿಯೇ ಇರಲಿಲ್ಲ. ಹಟಮಾರಿ ಹೇಳಬಲ್ಲಳು. ಬೆರಳ ತುದಿಯ ಚರ್ಮ, ಸಾಸಿವೆಯಷ್ಟು, ಸಾಕು.

ನಾನು ಕೇಳುತ್ತಿಲ್ಲ. ಸುಮ್ಮನೆ ತಿಳಿಸುತ್ತಿದ್ದೇನೆ.

ಕುಣಿಯುತ್ತಿರುವ
ಅಮ್ಮ

*

ಫೆಬ್ರುವರಿ ೧೫

ಹೆಗ್ಗಣಗಳ ಗೆಳತಿಗೆ,

ಅಭಿನಂದನೆ. ನಿಜವಾಗಿಯೂ. ಹಟಮಾರಿಯ ಕಥೆಯನ್ನು ನನ್ನ ಈಜಿನ ಮಕ್ಕಳಿಗೆ ಹೇಳಿದೆ. ನೀರಿಗಿಳಿಯಲು ಒಲ್ಲೆ ಎಂದು ಕಂಬಿ ಹಿಡಿದು ಕೂರುವ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಬಹಳ ಹಿಡಿಸಿತು. "ಟೀಚರ್, ನಾನೂ ಹಟಮಾರಿನಾ?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಮೊಣಕಾಲಿನವರೆಗೆ ಇಳಿದಳು.

"ನಾನು ಕೇಳುತ್ತಿಲ್ಲ" ಎಂದು ಬರೆದಿದ್ದೀಯ. ಅಮ್ಮಾ, ನೀನು ಕೇಳದೆ ಇರುವಾಗ ಎಷ್ಟು ಜೋರಾಗಿ ಕೇಳುತ್ತೀಯ ಎಂದು ನನಗೆ ಗೊತ್ತು. ಅದಕ್ಕೇ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಕೊಡುವುದಿಲ್ಲ.

ಹದಿನೇಳರ ವಯಸ್ಸಿನಲ್ಲಿ ನನ್ನ ಕಾಲಿನ ಹರಡಿನಿಂದ ನರದ ತುಂಡು ತೆಗೆದರು. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಆ ಜಾಗ ಇವತ್ತಿಗೂ ಮರಗಟ್ಟಿದೆ, ಚಿವುಟಿದರೆ ಬೇರೆ ಯಾರದೋ ಕಾಲು ಚಿವುಟಿದಂತಾಗುತ್ತದೆ. ಅವತ್ತೇ ನಿಶ್ಚಯಿಸಿದೆ, ಇನ್ನು ನನ್ನ ಮೈಯಿಂದ ಒಂದು ಚೂರೂ ಹೊರಗೆ ಹೋಗಬಾರದು.

ಇನ್ನೊಂದು ಮಾತು. ಬೇಸರ ಮಾಡಿಕೊಂಡರೂ ಪರವಾಗಿಲ್ಲ. ನಾನು ಮನೆಗೆ ಬಂದಾಗ ನೀನು ಮೊದಲು ನೋಡುವುದು ನನ್ನ ಕಾಲು, ಮುಖ ಆಮೇಲೆ. ಇಬ್ಬರು ಆರೋಗ್ಯವಂತರ ನಡುವೆ ಒಬ್ಬಳೇ ರೋಗಿಯಾಗಿ ಬೆಳೆಯುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಅದು ನಿನ್ನ ತಪ್ಪಲ್ಲ. ನೀರಿನಲ್ಲಿ ಯಾರೂ ನನ್ನ ಕಾಲು ನೋಡುವುದಿಲ್ಲ, ಅದಕ್ಕೇ ನಾನು ಇಲ್ಲಿದ್ದೇನೆ.

ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ. ಕೊನೆಗೆ ಕೇಳುತ್ತೇನೆ ಎಂದವಳು ಮರೆತಿದ್ದೀಯ.

ನಿನ್ನ ಮಗಳು

*

ಮಾರ್ಚ್ ೪

ಮಗಳೇ,

ತಿನ್ನುತ್ತಿದ್ದೀಯಲ್ಲ, ಸಂತೋಷ.

ಇಲ್ಲಿ ಯುದ್ಧ ನಡೆದಿದೆ. ಹೆಗ್ಗಣ ಮುಗಿಯಿತು, ಈಗ ಮನುಷ್ಯರ ಸರದಿ. ಆರೋಗ್ಯವಂತರ ಚರ್ಮದಲ್ಲಿ ಹಟಮಾರಿ ಚಂದವಾಗಿ ಉಂಗುರ ತೋರಿಸಿದರೆ ಮಾತ್ರ ರೋಗಿಗಳ ಚರ್ಮದಲ್ಲಿ ಅವಳು ಹೇಳಿದ್ದನ್ನು ನಂಬಬಹುದು. ಸ್ವಯಂಸೇವಕರನ್ನು ಹುಡುಕಿ, ಒಪ್ಪಿಸಿ, ಕರೆತರುವ ತಾಳ್ಮೆ ಯಾರಿಗಿತ್ತು? ನಾನೇ ಒಪ್ಪಿಗೆಗೆ ಸಹಿ ಹಾಕಿ, ಪಕ್ಕದ ಆಸ್ಪತ್ರೆಯ ಚರ್ಮದ ಡಾಕ್ಟರ ಮುಂದೆ ಬೆರಳು ಚಾಚಿದೆ. ನಮ್ಮ ಕಡೆ ನರದ ತೊಂದರೆ ಯಾರಿಗೂ ಇಲ್ಲ. ಅದೆಲ್ಲ ನಿಮ್ಮಪ್ಪನ ಕಡೆಯಿಂದ ಬಂದದ್ದು, ನಿನ್ನಜ್ಜಿ ಕುಂಟುತ್ತಿದ್ದದ್ದು ಎಲ್ಲರೂ ಕಂಡದ್ದೇ. ನನಗಿಂತ ಆರೋಗ್ಯವಂತ ಬೆರಳು ಎಲ್ಲಿ ಸಿಗಬೇಕು?

ಆದರೆ ಹಟಮಾರಿ ತನ್ನ ಹೆಸರು ಉಳಿಸಿಕೊಂಡಳು. ಉಂಗುರಗಳು ಇವೆ, ಆದರೆ ಸಣಕಲು. ಅಲ್ಲಲ್ಲಿ ಹರಿದಿವೆ. ಅದಕ್ಕಿಂತ ಹೆಚ್ಚು ಹಸಿರು ಜೀವಕೋಶದ ಹೊಟ್ಟೆಯೊಳಗೆ ಚುಕ್ಕಿ ಚುಕ್ಕಿಯಾಗಿ ಕೂತಿದೆ. ದೊಡ್ಡವರು ನೋಡಿ ತಲೆಯಾಡಿಸಿದರು. "ಉಂಗುರ ಬಿಟ್ಟು ಎಲ್ಲೆಲ್ಲೋ ಹೋಗಿ ಅಂಟ್ಕೊಂಡಿದೆಯಲ್ರೀ. ಹೆಗ್ಗಣಕ್ಕೇನೋ ಸರಿ, ಮನುಷ್ಯರಿಗೆ ಇದು ಆಗ್ಬರಲ್ಲ" ಎಂದರು.

ನಾನು ಬಿಡುತ್ತೇನೆಯೇ? ತೊಳೆಯುವ ನೀರು ಬದಲಿಸಿದೆ. ಆಂಟಿಬಾಡಿಯನ್ನು ತೆಳು ಮಾಡಿದೆ, ಮಂದ ಮಾಡಿದೆ. ಸೋಪಿನಂಶ ಜಾಸ್ತಿಯಾದರೆ ಮಯಲಿನ್ನಿನ ಕೊಬ್ಬು ಕರಗಿಹೋಗುತ್ತದೆ, ಅದನ್ನೂ ಕಡಿಮೆ ಮಾಡಿದೆ. ನನ್ನ ಬೆರಳಿನ ಅದೇ ಚೂರನ್ನು ಹೆಚ್ಚಿ ಹೆಚ್ಚಿ ನೋಡಿದ್ದೇ ನೋಡಿದ್ದು. ಪ್ರತಿ ಸಲವೂ ಅದೇ ಚುಕ್ಕಿಗಳು. ಒಂದು ರೀತಿಯಲ್ಲಿ ಖುಷಿಯೂ ಆಗುತ್ತಿದೆ. ಕೆಟ್ಟ ಆಂಟಿಬಾಡಿ ಇಷ್ಟು ಅಚ್ಚುಕಟ್ಟಾಗಿ, ಒಂದೇ ಥರ, ತಪ್ಪು ಮಾಡುವುದುಂಟೇ?

ಏಪ್ರಿಲ್ ಕೊನೆಗೆ ಮೀಟಿಂಗು. ಅಷ್ಟರಲ್ಲಿ ಸರಿಹೋಗದಿದ್ದರೆ ಹಟಮಾರಿ ಬೆಳೆಯುತ್ತಿರುವ ಬೆಚ್ಚನೆಯ ಪೆಟ್ಟಿಗೆಯನ್ನು ಬೇರೆ ತಂಡಕ್ಕೆ ಕೊಡುತ್ತಾರೆ. ಅಲ್ಲಿಗೆ ಅವಳ ಕಥೆ ಮುಗಿದಂತೆ.

ನಿನ್ನ ಕಾಗದದ ಮಿಕ್ಕ ಮಾತುಗಳಿಗೆ ಉತ್ತರ ಬರೆಯಲು ಮೂರು ಸಲ ಕೂತೆ. ಬರಲಿಲ್ಲ.

ಅಮ್ಮ

*

ಮಾರ್ಚ್ ೧೨

ಅಮ್ಮಾ,

ಕೊಳದ ಮೆಟ್ಟಿಲ ಮೇಲೆ ಕೂತು ನಿನ್ನ ಕಾಗದ ಓದುತ್ತಿದ್ದೆ. "ನಾನೇ ಬೆರಳು ಚಾಚಿದೆ" ಎಂಬಲ್ಲಿಗೆ ಬಂದಾಗ ಎದ್ದು ನಿಂತುಬಿಟ್ಟೆ, ಒದ್ದೆ ನೆಲದ ಮೇಲೆ, ಕಾಲಿಗೆ ಆಸರೆಯ ಪಟ್ಟಿ ಕೂಡ ಕಟ್ಟದೆ. ಬೀಳದೆ ಉಳಿದದ್ದು ಪುಣ್ಯ.

ಹೋದ ವರ್ಷ ನೀನು ಇಲ್ಲಿಗೆ ಬಂದಿದ್ದೆ. ಬಸ್ಸಿನಿಂದ ಇಳಿದಾಗ ನಿನ್ನ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು, ನಿನಗೆ ಗೊತ್ತೇ ಆಗಲಿಲ್ಲ. ಕಂಡಕ್ಟರು ಕೂಗಿ ಎಸೆದ. ನಾವು ನಕ್ಕೆವು. ನಮ್ಮ ಮಹಡಿಯ ಮೆಟ್ಟಿಲಿಗೆ ಕಾಲ್ಬೆರಳು ತಗುಲಿ ನೀನು ಎರಡು ಸಲ ಮುಗ್ಗರಿಸಿದೆ, "ಇದನ್ನ ಕಟ್ಟಿದೋನಿಗೆ ಅಳತೆ ಗೊತ್ತಿಲ್ಲ" ಎಂದು ಬೈದೆ. ಆ ಮೆಟ್ಟಿಲುಗಳನ್ನು ಎಂಬತ್ತರ ಮುದುಕರು ದಿನಾ ಹತ್ತಿ ಇಳಿಯುತ್ತಾರೆ. ಅವತ್ತು ನಿನ್ನ ಕಣಕಾಲು ನೋಡಿ, ಎಷ್ಟು ಸಣ್ಣಗಾಗಿದ್ದೀ ಎಂದಿದ್ದೆ ನಾನು. ವಯಸ್ಸಾಯಿತಲ್ಲ, ದಿನವಿಡೀ ನಿಂತು ಕೆಲಸ ಎಂದೆ ನೀನು.

ಅಮ್ಮಾ, ನನಗೂ ಹೀಗೇ ಶುರುವಾದದ್ದು. ನಿನಗೆ ನಿಧಾನವಾಗಿ ಬಂದಿರಬಹುದು.

ಪ್ರತಿ ಸಲ ಡಾಕ್ಟರು ನನಗೆ ಮಾಡಿಸುವ ಮೊದಲ ಪರೀಕ್ಷೆ ಏನು ಹೇಳು? ಬರಿಗಾಲಲ್ಲಿ, ಮುಂಗಾಲು ಎತ್ತಿ, ಹಿಮ್ಮಡಿಯ ಮೇಲೆ ನಡೆಯುವುದು. ಪಕ್ಕದಲ್ಲಿ ಕೂತು ನೂರು ಸಲ ನೋಡಿದ್ದೀಯ. ನೀನು ಯಾವತ್ತಾದರೂ ಮಾಡಿ ನೋಡಿದ್ದೀಯಾ? ಈಗ ಮಾಡು. ಗೋಡೆ ಪಕ್ಕದಲ್ಲಿರಲಿ.

ನಾನು ಹೇಳಿದ್ದು ಸುಳ್ಳಾದರೆ ಬಾಯಿಗೆ ಬಂದಂತೆ ಬೈ. ನಿಜವಾದರೆ ಹಟಮಾರಿಯನ್ನು ದೂರುವ ಮೊದಲು ಬೇರೆ ಯಾರದಾದರೂ ಬೆರಳು ತೆಗೆದುಕೋ. ನಿಮ್ಮ ದೊಡ್ಡವರದೇ ಆಗಲಿ. ಸುಳ್ಳು ಹೇಳುತ್ತಿರುವುದು ಅವಳಲ್ಲ, ಬೆರಳು.

ಹೆದರಿಕೆಯೋ ಸಂಭ್ರಮವೋ ತಿಳಿಯದು, ಇದನ್ನು ಈಗಲೇ ಅಂಚೆಗೆ ಹಾಕಲು ಹೊರಟೆ.

ಮಗಳು

*

ಮಾರ್ಚ್ ೨೧

ಮಗಳೇ,

ನಿನ್ನಪ್ಪ ಕಾಗದ ಬರೆಯುವುದು ಅಪರೂಪ. ನಕ್ಷೆ ಬರೆದು ಬರೆದು ಅಕ್ಷರ ಮರೆತಿದೆ, ಸಹಿಸಿಕೋ.

ಏನು ಬರೆದೆ ನಿನ್ನಮ್ಮನಿಗೆ? ಕಾಗದ ಬಂದ ದಿನ ಅವಳು ಅದನ್ನು ನಿಂತುಕೊಂಡೇ ಓದಿದಳು. ಆಮೇಲೆ ಚಪ್ಪಲಿ ಬಿಟ್ಟು, ಬಾಗಿಲಿನಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲಿ ಗೋಡೆ ಹಿಡಿದು ನಿಂತಳು. ಹಿಮ್ಮಡಿ ಊರಿ ಮುಂಗಾಲು ಎತ್ತಲು ನೋಡಿದಳು. ಏಳಲಿಲ್ಲ. ಎಡಗಾಲಿನ ಹೆಬ್ಬೆರಳು ಮಾತ್ರ ಸ್ವಲ್ಪ ಅಲ್ಲಾಡಿತು.

"ಏನೇ ಇದು, ಹೊಸ ವ್ಯಾಯಾಮನಾ?" ಎಂದೆ.

"ನೀವು ಮಾಡಿ ನೋಡೋಣ" ಎಂದಳು.

ಮಾಡಿದೆ. ಅದರಲ್ಲೇನಿದೆ? ಬಾತುಕೋಳಿಯ ಹಾಗೆ ಅಡುಗೆಮನೆಗೆ ಹೋಗಿ ತಿರುಗಿ ಬಂದೆ. ಅವಳು ನನ್ನ ಪಾದಗಳನ್ನೇ ನೋಡುತ್ತ ನಿಂತಿದ್ದಳು. ಮದುವೆಯಾದಾಗಿನಿಂದ ನನ್ನ ಕಾಲನ್ನು ಅಷ್ಟು ಗೌರವದಿಂದ ಯಾರೂ ನೋಡಿರಲಿಲ್ಲ. "ಏನಾಯ್ತು ಹೇಳು" ಎಂದರೆ "ಏನಿಲ್ಲ ಬಿಡಿ" ಎಂದಳು.

ಅವತ್ತಿನಿಂದ ದಿನಾ ಸಂಜೆ ಅದೇ ಓಣಿ, ಅದೇ ಗೋಡೆ. ಊಟದ ನಡುವೆ ಕೇಳುತ್ತಾಳೆ, "ನಿಮ್ಮಮ್ಮನ ಕಾಲು ಯಾವಾಗಿನಿಂದ ಹಾಗಿತ್ತು?" ಎಂದು. ನಾನು ಹೇಳಿದೆ, ಮದುವೆಯಾದ ಹೊಸತರಲ್ಲೇ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಅಮ್ಮ ಅಟ್ಟದ ಏಣಿಯಿಂದ ಬಿದ್ದು ಸೊಂಟದ ಕೀಲು ಜಾರಿತ್ತು. ಬೀಳುವ ಮೊದಲು ಓಡುತ್ತಿದ್ದಳು. ಇಷ್ಟು ವರ್ಷ ಈ ಮನೆಯಲ್ಲಿ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲ ಕೇಳಿಸಿಕೊಂಡಳು. ಕೈಯಲ್ಲಿದ್ದ ಲೋಟ ಇಟ್ಟು ಒಳಗೆ ಹೋದಳು.

ನನಗೆ ಏನೋ ಅರ್ಥವಾದಂತಿದೆ, ಆದರೆ ಅವಳೇ ಹೇಳಲಿ ಎಂದು ಕಾಯುತ್ತಿದ್ದೇನೆ. ನೀನು ಹೆದರಬೇಡ. ನಾನಿದ್ದೇನೆ, ಓಣಿಯ ಗೋಡೆಯೂ ಗಟ್ಟಿಯಾಗಿದೆ.

ಅಪ್ಪ

*

ಏಪ್ರಿಲ್ ೨

ನನ್ನ ಚಿನ್ನದಂಥ ಮಗಳೇ,

ಹಟಮಾರಿ ಗೆದ್ದಳು! ಗೆದ್ದಳು, ಗೆದ್ದಳು, ಗೆದ್ದಳು!

ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಹುಚ್ಚು ಹಿಡಿದೀತು. ದೊಡ್ಡವರ ಹತ್ತಿರ ಹೋಗಿ "ನಿಮ್ಮ ಬೆರಳು ಬೇಕು" ಎಂದೆ.

"ನನ್ ಬೆರಳು ಯಾಕ್ರೀ?"

"ನೀವು ಹಿಮ್ಮಡಿ ಮೇಲೆ ನಡೀತೀರಾ?"

ನನ್ನನ್ನು ಒಮ್ಮೆ ನೋಡಿ, ಬಾಗಿಲು ಹಾಕಿ, ಮೇಜಿನ ಸುತ್ತ ಒಂದು ಸುತ್ತು ಹೋಗಿ ತೋರಿಸಿದರು. ಪಾಪ, ಒಳ್ಳೆಯ ಮನುಷ್ಯ. ಇಲಿಗಳಿಗೆ ಸೂಜಿ ಹಾಕಿ ತಲೆ ನರೆತವರು ತಮ್ಮ ಸರದಿ ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಉಗುರು ನೆಟ್ಟ ಗುರುತು ಇನ್ನೂ ಇದೆ.

ಅವರ ಚೂರು, ನನ್ನ ಚೂರು, ಒಂದೇ ತಟ್ಟೆಯಲ್ಲಿ ಒಂದೇ ನೀರು, ಒಂದೇ ಬಣ್ಣ. ಮೊದಲು ಅವರದನ್ನು ಇಟ್ಟೆ. ಉಂಗುರಗಳೇ ಉಂಗುರಗಳು! ದಪ್ಪ, ದುಂಡು, ಹಸಿರು ಎಂದರೆ ಎಂಥ ಹಸಿರು. ಹೊಟ್ಟೆಯೊಳಗೆ ಒಂದು ಚುಕ್ಕಿಯಿಲ್ಲ. ಪಕ್ಕದಲ್ಲಿ ನನ್ನದು, ಅದೇ ಸಣಕಲು, ಅದೇ ಚುಕ್ಕಿಗಳು. ಹಟಮಾರಿ ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿದ್ದಳು. ಅವಳು ಸರಿ, ತಪ್ಪಿದ್ದದ್ದು ನಾನು. ಆರೋಗ್ಯವಂತರ ಬೆರಳೆಂದು ರೋಗಿಯ ಬೆರಳಿಟ್ಟು ವಾರಗಟ್ಟಲೆ ಅವಳನ್ನು ಬೈದೆ.

ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದೆ. ನಿನ್ನ ಜೀನಿನಲ್ಲಿರುವ ದೋಷವೇ ನನ್ನಲ್ಲೂ ಇದೆ. ನನ್ನಿಂದಲೇ ನಿನಗೆ ಬಂದದ್ದು. ಹಿಂದೆ ನಿನ್ನ ಪರೀಕ್ಷೆಯಾದಾಗ ತಾಯಿತಂದೆಯರದ್ದೂ ಮಾಡಿಸಿ ಎಂದಿದ್ದರು. ಅಜ್ಜಿಯ ಕಾಲು ಕಣ್ಣೆದುರಿಗೆ ಇರುವಾಗ ಪರೀಕ್ಷೆ ಯಾಕೆ ಎಂದವಳು ನಾನು, ದಿನವೂ ಪರೀಕ್ಷೆ ಮಾಡುವುದೇ ಕಸುಬಾಗಿರುವವಳು!

ನಿಮ್ಮಪ್ಪನಿಗೆ ಹೇಳಿದೆ. ಅವರು, "ಹಾಗಾದ್ರೆ ನಮ್ಮಮ್ಮ ಏಣಿಯಿಂದ ಬಿದ್ದಿದ್ದು ನಿಜ ಅನ್ನು" ಎಂದರು. ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೆ. ಅವರು ನನ್ನ ಪಾದಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತರು. ತಣ್ಣಗಿವೆ ಎಂದು ಉಜ್ಜಿದರು. ಅವು ಎಷ್ಟೋ ವರ್ಷದಿಂದ ತಣ್ಣಗೇ ಇವೆ.

ಆದರೆ ಮಗಳೇ, ದುಃಖದ ಜೊತೆಯಲ್ಲೇ ಬಂದಿರುವ ಈ ಸಂತೋಷವನ್ನು ಎಲ್ಲಿಡಲಿ? ಆ ಚುಕ್ಕಿಗಳು! ನಾನು ಕೆಟ್ಟದ್ದೆಂದು ತೊಳೆದು ತೊಳೆದು ಅಳಿಸಲು ನೋಡಿದ ಚುಕ್ಕಿಗಳು ಏನು ಗೊತ್ತೇ? ಸಿಕ್ಕಿಹಾಕಿಕೊಂಡ ಪ್ರೋಟೀನು. ನನ್ನಲ್ಲಿ ಅದು ತಯಾರಾಗುತ್ತಿದೆ, ದಾಟಲಾರದೆ ಕೂತಿದೆ. ನಿನ್ನದೂ ಅದೇ ದೋಷ ಎಂದ ಮೇಲೆ ನಿನ್ನಲ್ಲೂ ಬಹುಪಾಲು ಹಾಗೆಯೇ ಇರಬೇಕು. ಔಷಧಿಗೆ ದಾರಿಯಿದೆ!

ಇನ್ನು ನಿನ್ನ ಬೆರಳು ಬೇಡ. ಈ ಸಲ ನಿಜವಾಗಿಯೂ ಕೇಳುತ್ತಿಲ್ಲ. ನನ್ನ ಎರಡು ಕೈಯಲ್ಲಿ ಇನ್ನೂ ಒಂಬತ್ತಿವೆ, ಡಾಕ್ಟರುಗಳು ಎಲ್ಲವನ್ನೂ ಹೆಚ್ಚಲಿ.

ನಿನ್ನ ಕಾಲು ನೋಡುತ್ತ ಮುಖ ನೋಡುವುದನ್ನು ತಡಮಾಡಿದೆ. ಕ್ಷಮಿಸು.

ನಿನ್ನ ಅಮ್ಮ

*

ಏಪ್ರಿಲ್ ೧೦

ಅಮ್ಮಾ,

ನಿಜ ಹೇಳುತ್ತೇನೆ, ಕೇಳಿ ಕೋಪ ಮಾಡಿಕೊಳ್ಳಬೇಡ. ನಿನಗೂ ಇದೆ ಎಂದು ಓದಿದಾಗ ನನಗೆ ಸಂತೋಷವಾಯಿತು. ಹೀಗೆ ಆಗಬಾರದು, ಗೊತ್ತು. ಆದರೂ ಆಯಿತು. ನೀರಿಗೆ ಬಿದ್ದು ಕೊಳದ ಆ ತುದಿಯಿಂದ ಈ ತುದಿಗೆ ಹುಚ್ಚಿಯಂತೆ ಈಜಿದೆ. ಮಕ್ಕಳು ಶಿಳ್ಳೆ ಹೊಡೆದರು. ಮೇಲೆ ಬಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ನಿನಗಾಗಿ. ಮೊದಲು ನಕ್ಕದ್ದು ನನಗಾಗಿ.

ಚಪ್ಪಲಿ ಬಿಸಾಡು. ಹಿಂದೆ ಪಟ್ಟಿಯಿರುವ ಶೂ ತೆಗೆದುಕೋ, ನನ್ನದರ ಅಂಗಡಿಯ ಹೆಸರು ಅಪ್ಪನಿಗೆ ಗೊತ್ತು. ಇಳಿಯುವಾಗ ಕಂಬಿ ಹಿಡಿ, ನಾಚಿಕೆ ಬೇಡ. ಬೀಳುವ ಹಾಗಾದರೆ ಕೈ ಊರಬೇಡ, ಮಣಿಕಟ್ಟು ಮುರಿಯುತ್ತದೆ. ಮೈ ಸಡಿಲ ಬಿಟ್ಟು ಪಕ್ಕಕ್ಕೆ ಉರುಳು. ಮುಂದಿನ ಸಲ ಬಂದಾಗ ಹಾಸಿಗೆ ಹಾಸಿ ಕಲಿಸುತ್ತೇನೆ. ಬೀಳುವುದರಲ್ಲಿ ನಾನು ನಿನಗಿಂತ ಬಹಳ ಹಿರಿಯಳು.

ಈ ಕಾಗದದ ಜೊತೆ ಐಸಿನ ಡಬ್ಬಿಯೊಂದು ಬರುತ್ತದೆ. ಗಾಬರಿಯಾಗಬೇಡ. ನಿಮ್ಮ ಚರ್ಮದ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ಇಲ್ಲಿನ ಆಸ್ಪತ್ರೆಯಲ್ಲಿ ತೆಗೆಸಿದೆ. ಒಪ್ಪಿಗೆಗೆ ಸಹಿ ಹಾಕಿದ್ದು ನಾನೇ, ನೋವಾದದ್ದು ಇರುವೆ ಕಚ್ಚಿದಷ್ಟು. ಹೊಲಿಗೆ ಬಿಚ್ಚುವವರೆಗೆ ನೀರಿಗಿಳಿಯುವಂತಿಲ್ಲ, ದಡದಲ್ಲಿ ಕೂತು ಕಿರುಚುತ್ತಿದ್ದೇನೆ.

ನೀನು ಕೇಳಲಿಲ್ಲ, ಅದಕ್ಕೇ ಕೊಟ್ಟೆ. ನಿನ್ನದರ ಪಕ್ಕದಲ್ಲೇ ಇಡು.

ನಿನ್ನ ಮಗಳು

*

ಏಪ್ರಿಲ್ ೩೦

ಮಗಳೇ,

ಈಗಷ್ಟೇ ಮೀಟಿಂಗಿನಿಂದ ಎದ್ದು ಬಂದೆ. ಕೋಟು ಕೂಡ ತೆಗೆದಿಲ್ಲ.

ಮೊದಲು ನಿನಗೆ ಬೇಕಾದದ್ದು. ನಿನ್ನಲ್ಲೂ ಚುಕ್ಕಿಗಳಿವೆ. ಜೀವಕೋಶಗಳ ಹೊಟ್ಟೆ ತುಂಬ ಇವೆ! ಪ್ರೋಟೀನ್ ತಯಾರಾಗುತ್ತಿದೆ, ದಾಟುವುದೊಂದೇ ಬಾಕಿ. ಔಷಧಿಯ ಪರೀಕ್ಷೆಯವರು ಚಿತ್ರ ನೋಡಿ ನಿನ್ನ ಹೆಸರು ಬರೆದುಕೊಂಡಿದ್ದಾರೆ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ತಿಳಿಯದು, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಬಾಗಿಲು ತೆರೆದಿದೆ. ಅವರು ನನ್ನದನ್ನೂ ಬರೆದುಕೊಂಡರು. ಹಟಮಾರಿಯ ಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು.

ಮೀಟಿಂಗಿನಲ್ಲಿ ದೊಡ್ಡ ಪರದೆಯ ಮೇಲೆ ಮೂರು ಚಿತ್ರ ಹಾಕಿದೆ. ಹೊರಗಿನಿಂದ ಬಂದಿದ್ದ ಹಿರಿಯ ಡಾಕ್ಟರೊಬ್ಬರು ಮುಂದೆ ಬಾಗಿ ನೋಡಿದರು.

"ಇದರಲ್ಲಿ ಆರೋಗ್ಯವಂತರದು ಯಾವುದು?" ಎಂದು ಕೇಳಿದರು.

"ಮೊದಲನೆಯದು, ನಂದು" ಎಂದರು ದೊಡ್ಡವರು, ಬಹುಮಾನ ಗೆದ್ದವರ ಹಾಗೆ.

"ಉಳಿದೆರಡು ಒಬ್ಬರದೇನಾ?"

ನಾನು ಎದ್ದು ನಿಂತೆ. ಹೊಸ ಶೂ ಹಾಕಿದ್ದೆ, ಮುಗ್ಗರಿಸಲಿಲ್ಲ. "ಇಲ್ಲ" ಎಂದೆ. "ಒಂದು ನಂದು. ಒಂದು ನನ್ನ ಮಗಳದು."

ಆ ಡಾಕ್ಟರು ಕನ್ನಡಕ ತೆಗೆದು, ಮೆಲ್ಲಗೆ, "ನಿಮ್ದು ಯಾವುದಮ್ಮ?" ಎಂದರು.

ತಿರುಗಿ ಪರದೆ ನೋಡಿದೆ. ಅದೇ ಉಂಗುರಗಳು, ಅದೇ ಚುಕ್ಕಿಗಳು, ಎರಡರಲ್ಲೂ. ಗೊತ್ತಾಗಲಿಲ್ಲ ಮಗಳೇ. ಚಿತ್ರದ ಅಂಚಿನಲ್ಲಿ ಸಣ್ಣಗೆ ಬರೆದ ಹೆಸರು ಓದಿಯೇ ಹೇಳಬೇಕಾಯಿತು.

ಅಮ್ಮ